ಗಾಳಕ್ಕೆ ಸಿಕ್ಕಿತು, ಹೆಸರಿಗೆ ಸಿಗಲಿಲ್ಲ

ಧಾರವಾಡದಿಂದ ಅಳ್ನಾವರದ ಕಡೆಗೆ ಹೊರಟ ರೈಲು ಕ್ಯಾರಕೊಪ್ಪವನ್ನು ದಾಟಿದ ಮೇಲೆ ಮುಗದ ಸಿಗುತ್ತದೆ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಶುರುವಾಗುವ ಜಾಗ ಇದು. ಭತ್ತದ ಸಂಶೋಧನಾ ಕೇಂದ್ರದಿಂದಾಗಿ ಊರಿಗೆ ಹೆಸರು ಬಂದಿದೆ. ಹಳೆಯದಾದ ದೊಡ್ಡ ಕೆರೆಯೂ ಇದೆ. ಈ ಸೀಮೆಯ ಕೆರೆಗಳ ಏರಿಯ ಮೇಲೆ ಬಿದಿರುಕೋಲು ಹಿಡಿದು, ದಾರಕ್ಕೆ ಕಟ್ಟಿದ ಬೆಂಡಿನ ಮೇಲೆ ಕಣ್ಣು ನೆಟ್ಟು ಗಂಟೆಗಟ್ಟಲೆ ಕುಳಿತವರನ್ನು ನೋಡದವರು ಕಡಿಮೆ. ಎರೆಹುಳುವೋ ಹಿಟ್ಟಿನ ಉಂಡೆಯೋ ಗಾಳಕ್ಕೆ ಸಿಕ್ಕಿಸಿದ್ದಾಯಿತು, ಇನ್ನು ಉಳಿದದ್ದು ತಾಳ್ಮೆ ಮತ್ತು ಅದೃಷ್ಟ.

ಹೀಗೆ ಕುಳಿತವರ ಮನಸ್ಸಿನಲ್ಲಿ ಎಲ್ಲ ಕಾಲಕ್ಕೂ ಒಂದು ದೊಡ್ಡ ಮೀನು ಇರುತ್ತದೆ. ಹೊಟ್ಟೆಗಾಗಿ ಹಿಡಿಯುವ ಮೀನು ಬೇರೆ, ಹೇಳಿಕೊಳ್ಳುವುದಕ್ಕಾಗಿ ಹಿಡಿಯುವ ಮೀನು ಬೇರೆ. ಕರ್ನಾಟಕದಲ್ಲಿ ಈ ಎರಡನೆಯ ಬಗೆಯ ಮೀನಿನ ಚರಿತ್ರೆ ಒಂಬೈನೂರು ವರ್ಷಗಳಷ್ಟು ಉದ್ದವಾಗಿದೆ. ಅರಸರಿಂದ ಆರಂಭವಾಗಿ, ಬ್ರಿಟಿಷ್ ಅಧಿಕಾರಿಗಳ ಕೈ ಸೇರಿ, ಪ್ರವಾಸೋದ್ಯಮದ ಮೂಲಕ ಹಾದು, ಕೊನೆಗೆ ವಿಜ್ಞಾನಿಗಳ ಮೇಜಿನ ಮೇಲೆ ಬಂದು ನಿಂತ ಚರಿತ್ರೆ ಇದು. ಅದರ ನಾಯಕ ಕಾವೇರಿಯ ಗೂನುಬೆನ್ನಿನ ಮಹಶೀರ್. ಜಗತ್ತಿನ ಗಾಳಗಾರರು ಈ ಮೀನನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಬೆನ್ನಟ್ಟಿದರು, ತೂಗಿದರು, ಚಿತ್ರ ತೆಗೆದರು. ಆದರೆ ಅದು ಯಾವ ಮೀನು ಎಂಬುದು ಖಚಿತವಾದದ್ದು 2018ರಲ್ಲಿ. ಅಷ್ಟರಲ್ಲಿ ಕಾವೇರಿಯ ಮುಖ್ಯ ಹರಿವಿನಿಂದ ಅದು ಬಹುಮಟ್ಟಿಗೆ ಮರೆಯಾಗಿತ್ತು.

ಅರಸನ ವಿನೋದ

ಮುಗದದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ, 1045ನೆಯ ಇಸವಿಯ ಶಾಸನವಿದೆ. ಆ ವಂಶದ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ವಿಕ್ರಮಾದಿತ್ಯನ ಮಗನಾದ ಈತನಿಗೆ ಕತ್ತಿಗಿಂತ ಲೇಖನಿಯ ಮೇಲೆ ಪ್ರೀತಿ ಹೆಚ್ಚಿತ್ತು ಎನ್ನಬಹುದು. ಸಂಸ್ಕೃತದಲ್ಲಿ ಈತ ರಚಿಸಿದ ‘ಮಾನಸೋಲ್ಲಾಸ’ವು ರಾಜ್ಯಾಡಳಿತದಿಂದ ಹಿಡಿದು ಅಡುಗೆ, ಸಂಗೀತ, ಚಿತ್ರಕಲೆ, ಆನೆ, ಕುದುರೆಗಳವರೆಗೆ ನೂರು ವಿಷಯಗಳನ್ನು ಒಳಗೊಂಡ ವಿಶ್ವಕೋಶ. ಇಪ್ಪತ್ತು ಅಧ್ಯಾಯಗಳ ಐದು ಭಾಗಗಳಾಗಿ ಅದನ್ನು ವಿಂಗಡಿಸಲಾಗಿದೆ. ಅರಸನ ಮನರಂಜನೆಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವಿದೆ.

ಗಾಳ ಹಾಕಿ ಮೀನು ಹಿಡಿಯುವುದೇ ಆ ಅಧ್ಯಾಯದ ವಿಷಯ. ಮೀನುಗಳನ್ನು ಸಮುದ್ರದವು, ನದಿಯವು ಎಂದೂ, ಪೊರೆಯುಳ್ಳವು, ಪೊರೆಯಿಲ್ಲದವು ಎಂದೂ ವಿಂಗಡಿಸಿ, ಸುಮಾರು 35 ಬಗೆಗಳನ್ನು ಅಲ್ಲಿ ಹೆಸರಿಸಿದೆ. ಯಾವ ಮೀನಿಗೆ ಯಾವ ಆಹಾರ ಹಾಕಿ ಒಂದು ಜಾಗಕ್ಕೆ ರೂಢಿ ಮಾಡಿಸಬೇಕು, ಗಾಳ ಹೇಗಿರಬೇಕು, ದಾರ ಹೇಗಿರಬೇಕು, ಮೀನು ಎಳೆದಾಗ ಹೇಗೆ ಬಿಟ್ಟು ಹೇಗೆ ಹಿಡಿಯಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಭಾರತೀಯ ಪ್ರಾಣಿಶಾಸ್ತ್ರ ಸಮೀಕ್ಷೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಬರೆದು, ಅದರಲ್ಲಿನ ಹೆಸರುಗಳನ್ನು ಇಂದಿನ ಮೀನುಗಳೊಂದಿಗೆ ಹೊಂದಿಸಿ ನೋಡಿದರು. ಗಾಳದ ಆಟವೆಂಬುದು ಇಂಗ್ಲಿಷರು ಹಡಗಿನಲ್ಲಿ ತಂದ ಹವ್ಯಾಸ ಎಂದುಕೊಂಡವರಿಗೆ ಈ ಅಧ್ಯಾಯ ಒಳ್ಳೆಯ ಉತ್ತರ.

ಸೋಮೇಶ್ವರನ ಅಧ್ಯಾಯದಲ್ಲಿ ಮುಖ್ಯವಾದ ಸಂಗತಿ ಒಂದಿದೆ. ಆಟಕ್ಕೆ ಮೊದಲು ಅವನು ಮೀನುಗಳ ಪಟ್ಟಿ ಕೊಡುತ್ತಾನೆ. ಯಾವುದು ಯಾವ ನೀರಿನದು, ಏನು ತಿನ್ನುತ್ತದೆ ಎಂದು ತಿಳಿದ ಮೇಲೆಯೇ ಗಾಳದ ಮಾತು. ಮುಂದಿನ ಶತಮಾನಗಳ ಗಾಳಗಾರರು ತಪ್ಪಿದ್ದು ಇಲ್ಲಿಯೇ.

ದೊರೆಗಳ ದೊಡ್ಡ ಮೀನು

ಮಹಶೀರ್ ಎಂಬ ಹೆಸರಿಗೆ ಹಲವು ಅರ್ಥಗಳನ್ನು ಹೇಳುವುದುಂಟು. ದೊಡ್ಡ ತಲೆ ಎಂದು ಕೆಲವರು, ದೊಡ್ಡ ಪೊರೆ ಎಂದು ಕೆಲವರು, ಮೀನುಗಳಲ್ಲಿ ಸಿಂಹ ಎಂದು ಇನ್ನು ಕೆಲವರು. ಮಲೆನಾಡಿನ ದೇವಸ್ಥಾನಗಳ ಮಡುಗಳಲ್ಲಿ ಇದು ದೇವರ ಮೀನು. ಕಾಟ್ಲಾ, ರೋಹುಗಳ ಕುಟುಂಬಕ್ಕೇ ಸೇರಿದ್ದರೂ ಇದರ ಸ್ವಭಾವ ಬೇರೆ. ನಿಂತ ನೀರಿಗಿಂತ ಹರಿಯುವ ನೀರು ಇದಕ್ಕೆ ಪ್ರಿಯ. ಏಡಿ, ಬಸವನಹುಳು, ಚಿಕ್ಕ ಮೀನು, ದಡದ ಮರಗಳಿಂದ ಉದುರಿದ ಹಣ್ಣು ಎಲ್ಲವೂ ಇದಕ್ಕೆ ಆಹಾರ. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಆ ಗಂಟಲ ಹಲ್ಲುಗಳಿಂದಲೇ ಏಡಿಯ ಚಿಪ್ಪನ್ನು ಪುಡಿ ಮಾಡುತ್ತದೆ. ಮಳೆಗಾಲದಲ್ಲಿ ನದಿಯ ಮೇಲ್ಭಾಗಕ್ಕೆ ಏರಿ ಹೋಗಿ ಜಲ್ಲಿಕಲ್ಲಿನ ನೆಲದಲ್ಲಿ ಮೊಟ್ಟೆ ಇಡುತ್ತದೆ. ಬೆಳವಣಿಗೆ ನಿಧಾನ, ಮೊಟ್ಟೆಗಳ ಸಂಖ್ಯೆಯೂ ಇತರ ದೊಡ್ಡ ಗೆಂಡೆಗಳಿಗೆ ಹೋಲಿಸಿದರೆ ಕಡಿಮೆ. ಒಮ್ಮೆ ಕಳೆದುಕೊಂಡರೆ ಬೇಗ ತುಂಬಿಕೊಳ್ಳುವ ಜಾತಿಯಲ್ಲ.

ಗಾಳಕ್ಕೆ ಸಿಕ್ಕ ಮಹಶೀರ್ ಸೆಳವಿನ ಜತೆ ಓಡುವ ರಭಸವೇ ಇಂಗ್ಲಿಷರನ್ನು ಮರುಳು ಮಾಡಿತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳಗಾರಿಕೆಯ ಬಗ್ಗೆ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಮೊದಲು ಅಚ್ಚಾದದ್ದು ಮಂಗಳೂರಿನಲ್ಲಿ. ತಮ್ಮ ದೇಶದ ಸಾಲ್ಮನ್ ಮೀನಿಗಿಂತ ಮಹಶೀರ್ ಒಂದು ಕೈ ಮೇಲು ಎಂಬುದು ಥಾಮಸ್‌ರ ವಾದ. ಆಗಿನ ಬ್ರಿಟಿಷ್ ಓದುಗರಿಗೆ ಇದು ಸಣ್ಣ ಮಾತಲ್ಲ. ಥಾಮಸ್ ಬರೀ ಆಟಗಾರರಲ್ಲ. ನದಿಗಳಲ್ಲಿ ಮರಿಮೀನುಗಳನ್ನೂ ಬಿಡದೆ ಬಾಚುವುದನ್ನು, ನೀರಿಗೆ ವಿಷ ಬೆರೆಸುವುದನ್ನು ಕಂಡು ಸರ್ಕಾರಕ್ಕೆ ವರದಿ ಮಾಡಿದವರು. 1897ರಲ್ಲಿ ಬಂದ ಭಾರತೀಯ ಮೀನುಗಾರಿಕೆ ಕಾಯಿದೆ ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು ಅಪರಾಧವಾಗಿಸಿತು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ಕಾನೂನು ಮಾಡಿತು.

ಇಪ್ಪತ್ತನೆಯ ಶತಮಾನದ ಮೊದಲ ಅರ್ಧ ಮೈಸೂರು ಸೀಮೆಯ ದಾಖಲೆ ಮೀನುಗಳ ಕಾಲ. 1919ರಲ್ಲಿ ರಿವೆಟ್ ಕಾರ್ನಾಕ್ ಎಂಬ ಅಧಿಕಾರಿ ಕಾವೇರಿಯಲ್ಲಿ 119 ಪೌಂಡ್ ತೂಕದ ಮಹಶೀರ್ ಹಿಡಿದರು. ಅದನ್ನು ಒಂದೇ ಪೌಂಡಿನಿಂದ ಮೀರಿಸಿದ್ದು 1946ರ ಮಾರ್ಚ್ 22ರಂದು ಕಬಿನಿಯಲ್ಲಿ ಸಿಕ್ಕ 120 ಪೌಂಡಿನ ಮೀನು. ಎಂದರೆ 54 ಕಿಲೋಗಿಂತ ಹೆಚ್ಚು, ಒಬ್ಬ ಸಾಧಾರಣ ಮನುಷ್ಯನ ತೂಕ. ಹಿಡಿದವರು ಡಿ ವೆಟ್ ವಾನ್ ಇಂಗೆನ್. ಮೈಸೂರಿನವರಿಗೆ ಈ ಮನೆತನದ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಟೆಯಾಡಿದ ಹುಲಿ, ಚಿರತೆಗಳ ಚರ್ಮಕ್ಕೆ ಜೀವಕಳೆ ಬರುವಂತೆ ಸಿದ್ಧಪಡಿಸಿ ಕೊಡುತ್ತಿದ್ದ ಅವರ ಕಾರ್ಖಾನೆಗೆ ದೇಶದ ರಾಜಮಹಾರಾಜರೆಲ್ಲ ಗಿರಾಕಿಗಳು. ವಾನ್ ಇಂಗೆನ್ನರ ಆ ಮೀನಿನ ದಾಖಲೆಯನ್ನು ಗಾಳದ ಜಗತ್ತು ಇಂದಿಗೂ ನೆನೆಯುತ್ತದೆ.

ಆ ಮೀನನ್ನು ಹಿಡಿದ ನದಿ ಮಾತ್ರ ಹಾಗೇ ಉಳಿಯಲಿಲ್ಲ. ಕಾವೇರಿಗೆ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭಕ್ಕೆ ಬಂದಿತ್ತು, 1934ರಲ್ಲಿ ಕೆಳಗಡೆ ಮೆಟ್ಟೂರು ಅಣೆಕಟ್ಟು ಮುಗಿಯಿತು. ಕಬಿನಿಗೆ 1974ರಲ್ಲಿ ಅಣೆಕಟ್ಟು ಬಂತು. ಹೊಲಗಳಿಗೆ ನೀರು, ಊರುಗಳಿಗೆ ದೀಪ ಕೊಟ್ಟ ಈ ಕಟ್ಟೆಗಳ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಳೆಗಾಲದಲ್ಲಿ ಮೇಲೇರಬೇಕಾದ ಮೀನಿಗೆ ಅವು ಬಾಗಿಲು ಹಾಕಿದ್ದೂ ಅಷ್ಟೇ ನಿಜ.

ರಾಗಿ ಮುದ್ದೆಯ ಎರೆ

ಸ್ವಾತಂತ್ರ್ಯದ ನಂತರ ಇಂಗ್ಲಿಷ್ ಗಾಳಗಾರರು ಊರಿಗೆ ಮರಳಿದರು. ಕಾವೇರಿಯ ದೊಡ್ಡ ಮೀನು ಕತೆಯಾಗಿ ಉಳಿಯಿತು. ಅದು ಮುಗಿದೇ ಹೋಯಿತೆಂದು ಹೊರಗಿನವರು ನಂಬಿದ್ದಾಗ 1977ರಲ್ಲಿ ಮೂವರು ಬ್ರಿಟಿಷ್ ಯುವಕರು ಅದನ್ನು ಹುಡುಕುತ್ತ ಭಾರತಕ್ಕೆ ಬಂದರು. ಕಾವೇರಿಯ ಕಾಡಿನ ಭಾಗದಲ್ಲಿ ಅವರ ಗಾಳಕ್ಕೆ ಭಾರಿ ಮಹಶೀರ್‌ಗಳು ಸಿಕ್ಕ ಸುದ್ದಿ ಹೊರದೇಶಗಳಲ್ಲಿ ಹರಡಿತು. ಹಳ್ಳಿಯ ಬೆಸ್ತರಿಗೆ ಇದು ಸುದ್ದಿಯೇ ಆಗಿರಲಿಲ್ಲವೆಂಬುದು ಬೇರೆ ಮಾತು.

ಶಿವನಸಮುದ್ರದ ಜಲಪಾತದ ಕೆಳಗೆ, ಮೇಕೆದಾಟುವಿನ ಕಡೆಗೆ ಕಾವೇರಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತದೆ. ಆಳವಾದ ಮಡು, ಅದರಾಚೆ ಸೆಳವು, ಮತ್ತೆ ಮಡು. ಮಹಶೀರ್‌ಗೆ ಹೇಳಿ ಮಾಡಿಸಿದ ಜಾಗ. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಇಲ್ಲಿನ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. 1980ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳಗಾರರ ಶಿಬಿರಗಳನ್ನು ನಡೆಸಿತು. 1987ರಲ್ಲಿ ಈ ಕಾಡು ಕಾವೇರಿ ವನ್ಯಜೀವಿಧಾಮವಾಯಿತು.

ಶಿಬಿರದ ಮುಖ್ಯ ನಿಯಮ ಒಂದೇ. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡಬೇಕು. ವಿದೇಶಿ ಬೆತ್ತ, ರೀಲು ಏನೇ ಇದ್ದರೂ ಎರೆ ಮಾತ್ರ ಸ್ಥಳೀಯವೇ. ಬೇಯಿಸಿ ಗಟ್ಟಿಯಾಗಿ ನಾದಿದ ರಾಗಿಹಿಟ್ಟಿನ ಉಂಡೆಯನ್ನು ಗಾಳದ ಸುತ್ತ ಮೆತ್ತಿ ಸೆಳವಿಗೆ ಎಸೆಯುವುದು. ಕಲ್ಯಾಣದ ಅರಸನ ಹಿಟ್ಟಿನುಂಡೆಯೂ ಕಾವೇರಿಯ ರಾಗಿ ಮುದ್ದೆಯೂ ಒಂದೇ ಬುದ್ಧಿಯ ಮಕ್ಕಳು. ದೊಡ್ಡ ಮೀನು ಹಿಡಿದು ಓಡತೊಡಗಿದರೆ ಹರಿಗೋಲಿನಲ್ಲಿ ಅದರ ಹಿಂದೆ ಸಾಗಬೇಕು. ಯಾವ ಬಂಡೆಯ ಕೆಳಗೆ ಏನಿದೆ ಎಂದು ಬಲ್ಲವರು ಸುತ್ತಲ ಹಳ್ಳಿಯವರೇ. ಅವರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರು. ಶಿಬಿರಗಳಲ್ಲಿ ಮಾರ್ಗದರ್ಶಿಗಳಾಗಿ, ಕಾವಲುಗಾರರಾಗಿ ಸಂಬಳ ಸಿಕ್ಕಿದ ಮೇಲೆ ಅವರಿಗೆ ಸತ್ತ ಮೀನಿಗಿಂತ ಬದುಕಿದ ಮೀನು ಹೆಚ್ಚು ಬೆಲೆಯದಾಯಿತು. ತೋಟೆ ಹಾಕಿ ಮೀನು ಹಿಡಿಯುವ ಹಾವಳಿ ಇಡೀ ನದಿಯಲ್ಲಿ ಇದ್ದಾಗಲೂ ಕಾವಲಿದ್ದ ಈ ಭಾಗದಲ್ಲಿ ಅದು ಹತೋಟಿಯಲ್ಲಿತ್ತು.

ಗಾಳದಿಂದ ಮೀನಿಗೆ ನೋವಾಗುವುದಿಲ್ಲವೇ, ಆಟಕ್ಕಾಗಿ ಒಂದು ಜೀವಿಯನ್ನು ಬಳಲಿಸುವುದು ಸರಿಯೇ ಎಂಬ ಪ್ರಶ್ನೆ ಆಗಲೂ ಇತ್ತು. ಅದು ಸುಳ್ಳು ಪ್ರಶ್ನೆಯಲ್ಲ. ವನ್ಯಜೀವಿಧಾಮದೊಳಗೆ ಗಾಳ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಒಪ್ಪುವುದಿಲ್ಲ ಎಂಬ ನಿಲುವಿಗೆ ಅಧಿಕಾರಿಗಳು ಬಂದರು. 2012ರ ವೇಳೆಗೆ ಕಾವೇರಿಯ ಶಿಬಿರಗಳಲ್ಲಿ ಗಾಳ ನಿಂತಿತು.

ಒಳ್ಳೆಯ ಮನಸ್ಸಿನ ತಪ್ಪು

ಅಷ್ಟರಲ್ಲಿ ನದಿಯೊಳಗೆ ಇನ್ನೊಂದು ಬದಲಾವಣೆ ನಡೆದುಹೋಗಿತ್ತು. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1839ರಲ್ಲಿ ಕರ್ನಲ್ ಸೈಕ್ಸ್ ಎಂಬಾತ ದಖ್ಖನದ ಮೀನುಗಳನ್ನು ವರ್ಣಿಸಿದಾಗ ಪುಣೆಯ ಬಳಿಯ ಮುಳಾ-ಮುಠಾ ನದಿಯ ಒಂದು ಮಹಶೀರ್‌ಗೆ ‘ಖುದ್ರಿ’ ಎಂದು ಹೆಸರು ಕೊಟ್ಟ. ಆ ನೀರು ಭೀಮೆಯ ಮೂಲಕ ಕೃಷ್ಣೆಗೆ ಸೇರುತ್ತದೆ. ಧಾರವಾಡ ಸೀಮೆಯ ಮಲಪ್ರಭೆಯೂ ಸೇರುವುದು ಅದೇ ಕೃಷ್ಣೆಯನ್ನು. ನೀಲಿ ಛಾಯೆಯ ರೆಕ್ಕೆಗಳ ಈ ಮೀನನ್ನು ನೀಲಿರೆಕ್ಕೆಯ ಮಹಶೀರ್ ಎನ್ನುತ್ತಾರೆ. ಸೈಕ್ಸ್ ವರ್ಣಿಸಿದ ‘ಮುಸುಲ್ಲಾ’ ಎಂಬ ಇನ್ನೊಂದು ಮೀನಿನ ಹೆಸರನ್ನು ಮುಂದಿನವರು ಕಾವೇರಿಯ ಗೂನುಬೆನ್ನಿನ ದೈತ್ಯನಿಗೆ ಅಂಟಿಸಿದರು. ಆ ಹೆಸರಿನ ಮೀನು ಮಹಶೀರ್ ಕುಲಕ್ಕೇ ಸೇರಿದ್ದಲ್ಲ ಎಂದು ಗೊತ್ತಾದದ್ದು ತೀರ ಇತ್ತೀಚೆಗೆ. ಹೀಗಾಗಿ ಗಾಳಗಾರರ ಪುಸ್ತಕಗಳಲ್ಲೆಲ್ಲ ಮೆರೆದ ಮೀನಿಗೆ ಶಾಸ್ತ್ರದಲ್ಲಿ ಸ್ವಂತ ಹೆಸರಿರಲಿಲ್ಲ. ಅದೂ ಮಹಶೀರ್, ಇದೂ ಮಹಶೀರ್ ಎಂದು ಕಾಲ ಕಳೆಯಿತು.

1970ರ ದಶಕದಲ್ಲಿ ಮಹಾರಾಷ್ಟ್ರದ ಲೋಣಾವಳಾದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೆರೆಗಳ ಬಳಿ ಮಹಶೀರ್ ಮರಿ ಮಾಡುವ ಕೇಂದ್ರ ಶುರುವಾಯಿತು. ನಶಿಸುತ್ತಿದ್ದ ಮೀನನ್ನು ಕೃತಕವಾಗಿ ಮರಿ ಮಾಡಿಸಿ ನದಿಗಳಿಗೆ ಬಿಡುವ ಆ ಪ್ರಯೋಗ ಯಶಸ್ವಿಯಾಯಿತು, ದೇಶದಲ್ಲೆಲ್ಲ ಮೆಚ್ಚುಗೆ ಪಡೆಯಿತು. ಅಲ್ಲಿನ ಮರಿಗಳು ಬೇರೆ ಬೇರೆ ರಾಜ್ಯಗಳಿಗೆ ಹೋದವು. ಕಾವೇರಿಗೂ ಬಂದವು. ಕರ್ನಾಟಕದ ಮೀನುಗಾರಿಕೆ ಇಲಾಖೆ ಕೊಡಗಿನ ಹಾರಂಗಿಯಲ್ಲಿ ತನ್ನದೇ ಮಹಶೀರ್ ಮರಿ ಕೇಂದ್ರ ನಡೆಸಿತು. ಎಲ್ಲರ ಉದ್ದೇಶವೂ ಕಾವೇರಿಯ ಮಹಶೀರ್ ಉಳಿಯಬೇಕು ಎಂಬುದೇ. ಆದರೆ ಬಿಟ್ಟದ್ದು ನೀಲಿರೆಕ್ಕೆಯ ಮಹಶೀರ್. ಕೃಷ್ಣೆಯ ಕಡೆಯ ಮೀನು ಕಾವೇರಿಯಲ್ಲಿ ಬೇರೂರಿತು.

ಇದರಲ್ಲಿ ಯಾರಿಗೂ ತಪ್ಪು ಕಾಣದಿರಲು ಕಾರಣವಿತ್ತು. ಕೆರೆಗೆ ಹೊರಗಿನ ಮೀನುಮರಿ ತಂದು ಬಿಡುವುದು ನಾಡಿನಲ್ಲೆಲ್ಲ ನಡೆದುಬಂದ ರೂಢಿ. ಕರ್ನಾಟಕದ ಕೆರೆಗಳ ಮೀನುಗಾರಿಕೆ ಇಂದು ನಿಂತಿರುವುದೇ ಉತ್ತರ ಭಾರತದ ನದಿಗಳಿಂದ ತಂದ ಕಾಟ್ಲಾ, ರೋಹು, ಮೃಗಾಲ್‌ಗಳ ಮೇಲೆ. ಪ್ರತಿವರ್ಷ ಬಿತ್ತಿ ಪ್ರತಿವರ್ಷ ಕೊಯ್ಯುವ ಕೆರೆಯಲ್ಲಿ ಈ ಲೆಕ್ಕ ನಡೆಯುತ್ತದೆ. ನದಿ ಕೆರೆಯಲ್ಲ. ಅಲ್ಲಿ ಒಮ್ಮೆ ಬಿಟ್ಟದ್ದನ್ನು ಮರಳಿ ತೆಗೆಯಲು ಬರುವುದಿಲ್ಲ.

ಹೊರದೇಶದ ಒಂದು ಉದಾಹರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಮೆರಿಕದ ಗಾಳಗಾರರಿಗೆ ಮಸ್ಕಿ ಎಂಬ ಹಿಂಸ್ರ ಮೀನಿನ ಮೇಲೆ ಇಂಥದೇ ಹುಚ್ಚು. ಹತ್ತು ಸಾವಿರ ಸಲ ಗಾಳ ಎಸೆದರೆ ಒಮ್ಮೆ ಸಿಗುವ ಮೀನು ಎಂದು ಅದರ ಖ್ಯಾತಿ. ಮಸ್ಕಿ ಎಂದರೆ ತಣ್ಣನೆಯ ಉತ್ತರದ ಸರೋವರಗಳ ಮೀನೆಂಬ ನಂಬಿಕೆಯಿದ್ದರೂ ದಕ್ಷಿಣದ ಕೆಂಟಕಿ ರಾಜ್ಯದ ಲಿಕಿಂಗ್ ನದಿಯಂಥ ಕೆಲವು ನದಿಗಳಲ್ಲಿ ಅದು ಮೊದಲಿಂದಲೂ ಇತ್ತು. 1970ರ ದಶಕದಲ್ಲಿ ಆ ನದಿಗೆ ಅಣೆಕಟ್ಟು ಬಂದು ಕೇವ್ ರನ್ ಎಂಬ ಜಲಾಶಯವಾದಾಗ ರಾಜ್ಯ ಸರ್ಕಾರ ಅಣೆಕಟ್ಟಿನ ಕೆಳಗೇ ಮರಿ ಕೇಂದ್ರ ಇಟ್ಟು, ಅದೇ ಜಲಾಶಯದ ತಾಯಿಮೀನುಗಳಿಂದ ಮರಿ ಮಾಡಿಸಿ ಅಲ್ಲಿಗೇ ಬಿಡುತ್ತ ಬಂದಿದೆ. ಇಂದು ಆ ಜಲಾಶಯ ದೊಡ್ಡ ಮಸ್ಕಿಗೆ ಹೆಸರುವಾಸಿ. ಮರಿ ಬಿಡುವ ಕೆಲಸ ಎರಡು ಕಡೆಯೂ ಒಂದೇ. ಅಲ್ಲಿ ಬಿಟ್ಟದ್ದು ಆ ನೀರಿನದೇ ಮೀನು, ಇಲ್ಲಿ ಬಿಟ್ಟದ್ದು ಅದರ ನೆಂಟ.

ಟಿಪ್ಪಣಿ ಪುಸ್ತಕದ ಸಾಕ್ಷಿ

ನದಿಯೊಳಗೆ ಆದದ್ದನ್ನು ಹೊರಗೆಡಹಿದ್ದು ಗಾಳಗಾರರ ದಿನಚರಿ. ಗಾಳಿಬೋರೆ ಶಿಬಿರದಲ್ಲಿ ಪ್ರತಿದಿನ ಎಷ್ಟು ಹೊತ್ತು ಗಾಳ ಹಾಕಲಾಯಿತು, ಎಷ್ಟು ಮೀನು ಸಿಕ್ಕಿತು, ತೂಕವೆಷ್ಟು ಎಂದು ಬರೆದಿಡುವ ಪದ್ಧತಿಯಿತ್ತು. ಮೀನುವಿಜ್ಞಾನಿ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು 1998ರಿಂದ 2012ರವರೆಗಿನ ಲೆಕ್ಕವನ್ನು ಕಲೆಹಾಕಿದರು. ಒಟ್ಟು 23,620 ಗಂಟೆಗಳ ಗಾಳಗಾರಿಕೆ, ಹಿಡಿದು ಬಿಟ್ಟ 6,161 ಮಹಶೀರ್‌ಗಳು. ಅರ್ಧ ಕಿಲೋಗಿಂತ ಚಿಕ್ಕದರಿಂದ ಹಿಡಿದು ಸುಮಾರು 47 ಕಿಲೋವರೆಗಿನ ಮೀನುಗಳು ಆ ಲೆಕ್ಕದಲ್ಲಿದ್ದವು.

2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಮುಖಗಳಿದ್ದವು. ಮೊದಲನೆಯದು ಸಂತೋಷದ್ದು. ವರ್ಷದಿಂದ ವರ್ಷಕ್ಕೆ ಸಿಕ್ಕ ಮೀನುಗಳ ಸಂಖ್ಯೆ ಹೆಚ್ಚಿತ್ತು, ಎಂದರೆ ಕಾವಲು ಫಲ ಕೊಟ್ಟಿತ್ತು. ಎರಡನೆಯದು ಹಾಗಲ್ಲ. ಹೆಚ್ಚಿದ್ದೆಲ್ಲ ಚಿಕ್ಕ ಗಾತ್ರದ ನೀಲಿರೆಕ್ಕೆಯ ಮೀನು. ಗೂನುಬೆನ್ನಿನ ಮೀನು ಅಪರೂಪವಾಗುತ್ತ ಬಂದಿತ್ತು. ಸಿಕ್ಕವೂ ಹೆಚ್ಚಾಗಿ ಭಾರಿ ಮೀನುಗಳು. ಗಾಳಗಾರನಿಗೆ ಅದು ಹಬ್ಬ. ವಿಜ್ಞಾನಿಗೆ ಮಾತ್ರ ಅದರಲ್ಲಿ ಬೇರೆ ಅರ್ಥ ಕಂಡಿತು. ಮುದುಕರು ಮಾತ್ರ ಇರುವ, ಮಕ್ಕಳ ಸದ್ದಿಲ್ಲದ ಊರು ಹೇಗೋ ಹಾಗೆ. ಹಳೆಯ ಮೀನುಗಳು ಉಳಿದಿದ್ದವು, ಹೊಸ ಪೀಳಿಗೆ ಬರುತ್ತಿರಲಿಲ್ಲ. ನೀಲಿರೆಕ್ಕೆಯ ಮೀನಿನ ಪೈಪೋಟಿ, ಅಣೆಕಟ್ಟುಗಳು, ನೀರಿನ ಹರಿವಿನ ಏರುಪೇರು, ಮರಳು ತೆಗೆತ, ತೋಟೆ ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಒಂದರ ಮೇಲೊಂದು ಬಿದ್ದ ಹೊರೆಗಳು ಅವು.

ಇಂಥ ಮೀನಿಗೆ ರಕ್ಷಣೆ ಕೇಳಬೇಕೆಂದರೂ ದಾರಿಯಿರಲಿಲ್ಲ. ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಲು ಶಾಸ್ತ್ರೀಯ ಹೆಸರು ಬೇಕು. ಹೆಸರಿಗೆ ಮಾದರಿ ಮೀನು ಬೇಕು. ಆಗ ಕಾವೇರಿಯ ಮುಖ್ಯ ನದಿಯಲ್ಲಿ ಅದು ಸಿಗುವುದೇ ದುರ್ಲಭವಾಗಿತ್ತು. ಕೊನೆಗೆ ಸಂಶೋಧಕರಿಗೆ ಅದು ಸಿಕ್ಕಿದ್ದು ನೀಲಗಿರಿಯ ಬುಡದಲ್ಲಿ ಹರಿದು ಭವಾನಿಯನ್ನು, ಅದರ ಮೂಲಕ ಕಾವೇರಿಯನ್ನು ಸೇರುವ ಮೋಯಾರ್ ನದಿಯಲ್ಲಿ. ಅಂಗರಚನೆ, ವಂಶವಾಹಿಗಳನ್ನು ಪರೀಕ್ಷಿಸಿದಾಗ ಅಚ್ಚರಿಯ ಸಂಗತಿ ಹೊರಬಿತ್ತು. ಈ ಮೀನಿಗೆ ಹೆಸರು ಆಗಲೇ ಇತ್ತು! ಕೇರಳದ ಚಿನ್ನಾರ್ ಕಾಡಿನ ಪಾಂಬಾರ್ ಹೊಳೆಯಲ್ಲಿ ಹಿಡಿದ ಚಿಕ್ಕ ಮೀನುಗಳನ್ನು ನೋಡಿ ಇಬ್ಬರು ವಿಜ್ಞಾನಿಗಳು 2007ರಲ್ಲಿ ‘ಟಾರ್ ರೆಮಾದೇವಿಯೈ’ ಎಂಬ ಹೊಸ ಜಾತಿಯನ್ನು ವರ್ಣಿಸಿದ್ದರು. ಪ್ರಾಣಿಶಾಸ್ತ್ರ ಸಮೀಕ್ಷೆಯ ಮೀನುತಜ್ಞೆ ಕೆ. ರೆಮಾದೇವಿಯವರ ಗೌರವಕ್ಕೆ ಇಟ್ಟ ಹೆಸರು ಅದು. ಪಾಂಬಾರ್ ಕೂಡ ಅಮರಾವತಿಯ ಮೂಲಕ ಕಾವೇರಿಗೇ ಸೇರುವ ಹೊಳೆ. ಅಲ್ಲಿನ ಚಿಕ್ಕ ಮೀನೂ ಕಾವೇರಿಯ ದೈತ್ಯನೂ ಒಂದೇ ಎಂದು ತೋರಿಸಿದ ಪ್ರಬಂಧ 2018ರ ಜೂನ್‌ನಲ್ಲಿ ಪ್ರಕಟವಾಯಿತು. ಅದೇ ವರ್ಷ ಕೆಂಪು ಪಟ್ಟಿ ಅದನ್ನು ‘ತೀವ್ರ ಅಪಾಯದಲ್ಲಿರುವ’ ಜಾತಿಯೆಂದು ಸೇರಿಸಿಕೊಂಡಿತು. ಆ ವರ್ಗದ ಮುಂದಿರುವುದು ಕಾಡಿನಲ್ಲಿ ಕಣ್ಮರೆ, ಅದರ ಮುಂದೆ ಸಂಪೂರ್ಣ ಅಳಿವು.

ಯಾವ ಮೀನು, ಯಾವ ನೀರು

ಗಾಳ ನಿಂತದ್ದು ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ಗಾಳಗಾರರಿದ್ದರೆ ಕಾವಲಿರುತ್ತಿತ್ತು, ಲೆಕ್ಕವಿರುತ್ತಿತ್ತು ಎಂದು ಒಂದು ಪಕ್ಷ. ವನ್ಯಜೀವಿಧಾಮದಲ್ಲಿ ಹುಲಿಗೊಂದು ನ್ಯಾಯ, ಮೀನಿಗೊಂದು ನ್ಯಾಯ ಸಲ್ಲದು ಎಂದು ಇನ್ನೊಂದು ಪಕ್ಷ. ಎರಡರಲ್ಲೂ ಹುರುಳಿದೆ. ಆದರೆ ಗಾಳದ ಜತೆಗೆ ದಿನಚರಿಯೂ ನಿಂತುಹೋಯಿತು ಎಂಬುದನ್ನು ಎರಡು ಪಕ್ಷದವರೂ ಒಪ್ಪಬೇಕು. 2012ರ ನಂತರ ಆ ಮಡುಗಳಲ್ಲಿ ಏನು ಉಳಿದಿದೆ ಎಂದು ದಿನದಿನವೂ ಬರೆದಿಡುವವರಿಲ್ಲ. ಇದೇ ಹರಿವಿನಲ್ಲಿ, ಮೇಕೆದಾಟುವಿನ ಬಳಿ 67 ಟಿ.ಎಂ.ಸಿ. ಅಡಿ ನೀರು ನಿಲ್ಲಿಸುವ ಜಲಾಶಯವನ್ನು ಕರ್ನಾಟಕ ಸರ್ಕಾರ ಪ್ರಸ್ತಾಪಿಸಿದೆ. ಎರಡು ರಾಜ್ಯಗಳ ನಡುವಿನ ಆ ವಿವಾದದಲ್ಲಿ ಕುಡಿಯುವ ನೀರಿನ ಮಾತು, ಬೇಸಾಯದ ಮಾತು, ಕಾಡಿನ ಮಾತು ಕೇಳಿಸುತ್ತದೆ. ಹರಿಯುವ ನೀರಿಲ್ಲದೆ ಬದುಕದ ಒಂದು ಮೀನಿನ ಮಾತು ಕೇಳಿಸುವುದು ಕಡಿಮೆ.

ಮೀನನ್ನು ಉಳಿಸುವುದು ಕನ್ನಡ ನಾಡಿಗೆ ಹೊಸ ವಿಚಾರವೇನಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ, ತೀರ್ಥಹಳ್ಳಿ ಸಮೀಪದ ಚಿಪ್ಪಲಗುಡ್ಡೆಯಲ್ಲಿ, ಕಾವೇರಿ ದಡದ ರಾಮನಾಥಪುರದಲ್ಲಿ ಜನ ಮೀನುಗಳಿಗೆ ಪುರಿ, ಅಕ್ಕಿ ಹಾಕಿ ಕೈಮುಗಿಯುತ್ತಾರೆ. ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ಯಾರೋ ಕಪಿಲಾ ಹೊಳೆಗೆ ವಿಷ ಹಾಕಿ ಸಾವಿರಾರು ದೇವರ ಮೀನುಗಳು ಸತ್ತಾಗ ಊರು ಶೋಕ ಆಚರಿಸಿತು. ಸತ್ತ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ. ಭಕ್ತಿಗೆ ಯಾವ ಜಾತಿಯ ಮೀನು ಎಂಬ ಪ್ರಶ್ನೆ ಬೇಕಾಗುವುದಿಲ್ಲ, ಮಡುವಿನಲ್ಲಿರುವುದೆಲ್ಲ ದೇವರದೇ. ಅಲ್ಲಿ ಅದು ಸಾಕು. ನದಿಗೆ ಮರಿ ಬಿಡುವಾಗ ಮಾತ್ರ ಆ ಪ್ರಶ್ನೆಯನ್ನು ಮೊದಲು ಕೇಳಲೇಬೇಕು. ಕಾವೇರಿಯ ಮೀನಿನ ಚರಿತ್ರೆ ಕಲಿಸುವ ಪಾಠ ಇಷ್ಟೇ.

ಆ ಪಾಠವನ್ನು ಕಾರ್ಯಕ್ಕೆ ತರುವುದು ಅಸಾಧ್ಯವೇನಲ್ಲ. ಕಾವೇರಿಗೆ ಹೊರಗಿನ ಮಹಶೀರ್ ಬಿಡುವುದನ್ನು ನಿಲ್ಲಿಸಬಹುದು. ಮೋಯಾರ್, ಪಾಂಬಾರ್ ಹೊಳೆಗಳಲ್ಲಿ ಉಳಿದಿರುವ ಮೂಲ ಮೀನಿಗೆ ನೀರಿನ ಹರಿವನ್ನೂ ಕಾವಲನ್ನೂ ಖಾತ್ರಿ ಮಾಡಬಹುದು. ನದಿಯನ್ನು ಬಲ್ಲ ಹಳ್ಳಿಯವರಿಗೆ ಮತ್ತೆ ಕಾವಲಿನ ಸಂಬಳ ಕೊಟ್ಟು, ಗಾಳವಿಲ್ಲದೆಯೂ ಲೆಕ್ಕ ಬರೆಯುವ ವ್ಯವಸ್ಥೆ ಮಾಡಬಹುದು. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದ ಅರಸ ಮೊದಲು ಮೀನುಗಳ ಹೆಸರು ಬರೆದ, ಆಮೇಲೆ ಗಾಳ ಎತ್ತಿಕೊಂಡ. ಕಾವೇರಿಯಲ್ಲಿ ಆ ಕ್ರಮ ತಿರುವುಮುರುವಾಯಿತು. ಹೆಸರು ಈಗ ಸಿಕ್ಕಿದೆ. ಆ ಹೆಸರಿನ ಮೀನುಗಳು ಮೋಯಾರಿನ ಮಡುಗಳಲ್ಲಿ ಇನ್ನೂ ಮಳೆಗಾಲಕ್ಕೆ ಕಾದಿವೆ.